ಕುಂಬಾರನ ಕತ್ತೆಯೂ ಮಗುವಿನ ಮೈದದ್ದೂ

ಹಿರಿಯರಿಗೆ ಕಾಯಿಲೆಯಾದರೆ ಮನೆಯಲ್ಲಿ ಒಬ್ಬರು ಮಲಗುತ್ತಾರೆ. ಮಗುವಿಗೆ ಕಾಯಿಲೆಯಾದರೆ ಮನೆಗೆ ಮನೆಯೇ ಮಲಗುತ್ತದೆ. 2023ನೆಯ ಇಸವಿಯ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನಡೆದದ್ದು ಹೀಗೆಯೇ. ಎಂಟು ವರ್ಷದ ಮೊಮ್ಮಗನ ಮೈಮೇಲೆ ಎದ್ದ ದದ್ದಿಗೆ ಕಾರಣವೇನೆಂಬುದು ನಾಲ್ಕು ತಿಂಗಳವರೆಗೆ ನಮಗೆ ತಿಳಿಯಲಿಲ್ಲ. ಕಾರಣ ತಿಳಿಯದೆ ಇದ್ದುದಕ್ಕಿಂತ ಹೆಚ್ಚಿನ ನೋವನ್ನು ತಂದದ್ದು, ಅದು ತಿಳಿಯಿತೆಂದು ನಾವು ತಪ್ಪಾಗಿ ನಂಬಿದ್ದು. ಆ ಅನುಭವವನ್ನು ಗೃಹಸ್ಥರೂ ತಾಯಂದಿರೂ ಓದಿಕೊಂಡರೆ, ಬೇರೊಂದು ಮನೆಯಲ್ಲಿ ಮತ್ತೊಂದು ಮಗುವಿನ ತಟ್ಟೆಯಿಂದ ಅನ್ಯಾಯವಾಗಿ ಕಸಿಯಲ್ಪಡುವ ತುತ್ತು ಉಳಿದೀತೆಂಬ ಆಶೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ದದ್ದು ಬಂದ ಬಗೆ

ಜೂನ್ ತಿಂಗಳಲ್ಲಿ ಶಾಲೆಗಳು ಆರಂಭವಾದವು. ಹೊಸ ಸಮವಸ್ತ್ರ, ಹೊಸ ಚೀಲ, ಹೊಸ ಬೂಟುಗಳೊಡನೆ ಮಗು ಉತ್ಸಾಹದಿಂದ ಮೂರನೆಯ ತರಗತಿಗೆ ಹೋಗತೊಡಗಿದನು. ಜುಲೈ ತಿಂಗಳ ನಡುವೆ ಒಂದು ದಿನ ಸ್ನಾನ ಮಾಡಿಸುವಾಗ ಅವನ ಹೊಕ್ಕುಳ ಕೆಳಗೆ ಅಂಗೈಯ ಅರ್ಧದಷ್ಟು ಜಾಗ ಕೆಂಪೇರಿ ಒರಟಾಗಿರುವುದು ತಾಯಿಯ ಕಣ್ಣಿಗೆ ಬಿತ್ತು. ಸೊಳ್ಳೆಯೋ ಇರುವೆಯೋ ಕಚ್ಚಿರಬೇಕೆಂದು ಕೊಬ್ಬರಿ ಎಣ್ಣೆ ಹಚ್ಚಿ ಸುಮ್ಮನಾದರು. ಎರಡು ವಾರ ಕಳೆಯುವಷ್ಟರಲ್ಲಿ ಮೊಣಕೈಗಳ ಹೊರಬದಿ, ತೊಡೆ, ಬೆನ್ನಿನ ಕೆಳಭಾಗಗಳಲ್ಲಿ ಸಾಸಿವೆ ಕಾಳಿನಂಥ ಗುಳ್ಳೆಗಳು ಎದ್ದವು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ, ಹಸಿವು ಕುಂದಿರಲಿಲ್ಲ. ತುರಿಕೆಯೊಂದು ಮಾತ್ರ ಅಸಾಧ್ಯವಾಗಿತ್ತು. ರಾತ್ರಿ ನಿದ್ದೆಯಲ್ಲಿಯೇ ಕೆರೆದುಕೊಂಡು ಹಾಸಿಗೆಗೆ ರಕ್ತದ ಕಲೆ ಮಾಡುತ್ತಿದ್ದನು.

ಇನ್ನು ಸಲಹೆಗಳ ಮಾತು. ಓಣಿಯ ಹಿರಿಯರೊಬ್ಬರು ಇದು ಅಮ್ಮನೇ ಎಂದು ಬೇವಿನ ಎಲೆ ತಂದುಕೊಟ್ಟರು. ಮತ್ತೊಬ್ಬರು ದೃಷ್ಟಿ ತಾಗಿದೆಯೆಂದರು. ಔಷಧದ ಅಂಗಡಿಯವರು ಕೇಳುವ ಮೊದಲೇ ಒಂದು ಮುಲಾಮಿನ ಕೊಳವೆಯನ್ನು ಕೈಗಿತ್ತರು. ಅದನ್ನು ಹಚ್ಚಿದ ಮೂರು ದಿನ ದದ್ದು ಅಡಗಿತು. ಬಿಟ್ಟ ಮೂರನೆಯ ದಿನ ಮೊದಲಿಗಿಂತ ಹೆಚ್ಚಾಗಿ ಎದ್ದಿತು. ಸಮೀಪದ ವೈದ್ಯರು ಪರೀಕ್ಷಿಸಿ ತುರಿಕೆ ತಗ್ಗಿಸುವ ಔಷಧವನ್ನು ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಚರ್ಮತಜ್ಞರಿಗೆ ತೋರಿಸಿರೆಂದರು. ಆ ಕೊನೆಯ ಮಾತನ್ನು ನಾವು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ನಮ್ಮ ಮನೆಯವರ ತೀರ್ಮಾನ ಬೇರೆಯೇ ಆಗಿತ್ತು. 'ಇದು ನಂಜು. ಬದನೆಕಾಯಿ, ಶೇಂಗಾ, ಮೊಸರು, ಹುಳಿ ಪದಾರ್ಥ ಯಾವುದನ್ನೂ ಕೊಡಬಾರದು' ಎಂದು ಆಗಸ್ಟ್ ಆರಂಭದಲ್ಲಿ ಪಥ್ಯ ವಿಧಿಸಿದರು. ಕೆಲವು ದಿನಗಳ ಬಳಿಕ ಹಾಲನ್ನೂ ಬೆಲ್ಲವನ್ನೂ ಆ ಪಟ್ಟಿಗೆ ಸೇರಿಸಿದರು. ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು ಇಲ್ಲದ ಊಟ ನಮ್ಮ ಭಾಗದಲ್ಲಿ ಊಟವೇ ಅಲ್ಲ. ಮಗುವಿಗೆ ಉಳಿದದ್ದು ರೊಟ್ಟಿ, ಸಪ್ಪೆ ಬೇಳೆ, ಅನ್ನ. ನಾಗರ ಪಂಚಮಿಯ ದಿನ ಓಣಿಯ ಮಕ್ಕಳೆಲ್ಲ ಶೇಂಗಾ ಉಂಡಿ, ಎಳ್ಳುಂಡಿ ಹಿಡಿದು ಜೋಕಾಲಿಯ ಸುತ್ತ ನೆರೆದಿದ್ದಾಗ ನಮ್ಮ ಮಗು ಬರಿಗೈಯಲ್ಲಿ ಕಟ್ಟೆಯ ಮೇಲೆ ಕುಳಿತಿದ್ದನು. ಅದನ್ನು ನಾವು ಕಣ್ಣಾರೆ ಕಂಡೆವು. ಸೆಪ್ಟೆಂಬರ್ ಕೊನೆಯಲ್ಲಿ ತೂಗಿಸಿದಾಗ 24 ಕಿಲೋ ಇದ್ದ ಮಗು 22 ಕಿಲೋಕ್ಕೆ ಇಳಿದಿದ್ದನು. ದದ್ದು ಮಾತ್ರ ಇಳಿದಿರಲಿಲ್ಲ.

ಪಥ್ಯದಿಂದ ಗುಣವಾಗದಿದ್ದಾಗ ಪಥ್ಯದ ಮೇಲೆ ಸಂಶಯ ಬರಬೇಕಾಗಿತ್ತು. ಹಾಗಾಗದೆ ಪಥ್ಯ ಪಾಲಿಸುವವರ ಮೇಲೆ ಬಂದಿತು. ಸೊಸೆ ಕದ್ದುಮುಚ್ಚಿ ಮಗನಿಗೆ ತಿನ್ನಿಸುತ್ತಿದ್ದಾಳೆಂಬ ಮಾತು ಅಡುಗೆಮನೆಯಲ್ಲಿ ಹುಟ್ಟಿ ಪಡಸಾಲೆಗೆ ಬಂದಿತು. ಆ ಹೆಣ್ಣುಮಗಳು ಎದುರು ಆಡಲಿಲ್ಲ. ಹಿತ್ತಿಲಿನಲ್ಲಿ ನಿಂತು ಕಣ್ಣೊರೆಸಿಕೊಂಡಳು. ನಾವೂ ಅಂದು ಒಂದು ಮಾತನ್ನೂ ಆಡಲಿಲ್ಲ. ಓದಿದವರು, ನಾಲ್ಕು ಜನರಿಗೆ ತಿಳಿಹೇಳುವವರು ಎನಿಸಿಕೊಂಡ ನಾವು ಆ ಗಳಿಗೆಯಲ್ಲಿ ಮೌನವಾಗಿದ್ದುದು ತಪ್ಪೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ದಸರೆಯ ರಜೆ ಕಲಿಸಿದ ಪಾಠ

ಅಕ್ಟೋಬರ್ ತಿಂಗಳ ದಸರಾ ರಜೆಯಲ್ಲಿ ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋದಳು. ಅಲ್ಲಿ ಪಥ್ಯವನ್ನು ಕೇಳುವವರಿರಲಿಲ್ಲ. ಆ ಮನೆಯ ಅಜ್ಜಿ ಶೇಂಗಾ ಹೋಳಿಗೆಯನ್ನೂ ಕರಿಗಡಬನ್ನೂ ಮಾಡಿ, ಮಗು ಬೇಡವೆಂದರೂ ಬಿಡದೆ ಬಡಿಸಿದರು. ಬದನೆಕಾಯಿಯನ್ನೂ ಉಂಡನು, ಮೊಸರನ್ನೂ ಉಂಡನು. ಎರಡು ವಾರ ಕಳೆದು ಮರಳಿ ಬಂದಾಗ ಅವನ ಮೈ ನೋಡಿ ನಾವೆಲ್ಲ ಬೆರಗಾದೆವು. ತೋಳು, ಬೆನ್ನು ನಿರ್ಮಲವಾಗಿದ್ದವು. ಹೊಕ್ಕುಳ ಕೆಳಗೆ ಮಾತ್ರ ಕಂದಿದ ಗುರುತು ಉಳಿದಿತ್ತು.

'ಊರಿನ ನೀರು ಬದಲಾದದ್ದರಿಂದ ಗುಣವಾಯಿತು' ಎಂದರು ನಮ್ಮ ಮನೆಯವರು. ಮಗುವು ನಮ್ಮ ಮನೆಯ ನೀರನ್ನು ಎರಡು ದಿನ ಕುಡಿದರೂ ಏನೂ ಆಗಲಿಲ್ಲ. ಶಾಲೆ ತೆರೆದ ಮೂರನೆಯ ದಿನ ಸಂಜೆ ಹೊಕ್ಕುಳ ಕೆಳಗಿನ ಗುರುತು ಮತ್ತೆ ಕೆಂಪೇರಿತು. ಹಿಂದಿನ ದಿನ ಮಧ್ಯಾಹ್ನ ಮನೆಯಲ್ಲಿ ಬದನೆಕಾಯಿ ಮಾಡಿದ್ದರು. 'ನೋಡಿದಿರಾ?' ಎಂದು ಅಡುಗೆಮನೆಯಿಂದ ಧ್ವನಿ ಬಂದಿತು.

ಆಗ ನಮಗೆ ಐವತ್ತು ವರ್ಷಗಳ ಹಿಂದೆ ಮಠದ ಪಾಠಶಾಲೆಯಲ್ಲಿ ಕುಳಿತು ಕಲಿತ ತರ್ಕದ ಪಾಠ ನೆನಪಿಗೆ ಬಂದಿತು. ಇಷ್ಟು ತಡವಾಗಿ ಬಂದದ್ದಕ್ಕೆ ನಾಚಿಕೆಯೂ ಆಯಿತು.

ಕತ್ತೆ ಮಡಕೆಯನ್ನು ಮಾಡುವುದಿಲ್ಲ

ಕಾರ್ಯಕ್ಕಿಂತ ಮೊದಲು ಇದ್ದುದೆಲ್ಲ ಕಾರಣವಲ್ಲವೆಂದು ನ್ಯಾಯಶಾಸ್ತ್ರ ಬೋಧಿಸುತ್ತದೆ. ಇದಕ್ಕೆ ಶಾಸ್ತ್ರಕಾರರು ಕುಂಬಾರನ ಉದಾಹರಣೆ ಕೊಡುತ್ತಾರೆ. ಮಡಕೆ ಹುಟ್ಟುವ ಮೊದಲು ಮಣ್ಣು ಇರುತ್ತದೆ, ತಿಗರಿ ಇರುತ್ತದೆ, ಅದನ್ನು ತಿರುಗಿಸುವ ಕೋಲು ಇರುತ್ತದೆ. ಮಣ್ಣನ್ನು ಹೊತ್ತು ತಂದ ಕತ್ತೆಯೂ ಅಂಗಳದಲ್ಲಿ ನಿಂತಿರುತ್ತದೆ. ಆದರೆ ಕತ್ತೆ ಮಡಕೆಗೆ ಕಾರಣವಲ್ಲ. ಮಣ್ಣನ್ನು ತಲೆಯ ಮೇಲೆ ಹೊತ್ತು ತಂದರೂ ಮಡಕೆ ಆಗುತ್ತದೆ. ಹೀಗೆ ಕಾರಣದ ನೆರೆಯಲ್ಲಿ ನಿಂತು ಕಾರಣದಂತೆ ತೋರುವುದನ್ನು ಅನ್ಯಥಾಸಿದ್ಧವೆಂದು ಕರೆಯುತ್ತಾರೆ. ನಿಜವಾದ ಕಾರಣವನ್ನು ಕಂಡುಕೊಳ್ಳಲು ಎರಡು ಕಣ್ಣುಗಳಿವೆ. ಇದು ಇದ್ದಾಗ ಅದು ಇರುತ್ತದೆಯೇ ಎಂದು ನೋಡುವುದು ಅನ್ವಯ. ಇದು ಇಲ್ಲದಾಗ ಅದೂ ಇಲ್ಲವಾಗುತ್ತದೆಯೇ ಎಂದು ನೋಡುವುದು ವ್ಯತಿರೇಕ. ಒಂದೇ ಕಣ್ಣಿನಿಂದ ನೋಡಿದವನು ಮೋಸಹೋಗುತ್ತಾನೆ. ಕಾಗೆ ಕುಳಿತ ಗಳಿಗೆಯಲ್ಲೇ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆಂದು ತಿಳಿಯುವ ಕಾಕತಾಲೀಯ ನ್ಯಾಯಕ್ಕೆ ಸಿಲುಕುತ್ತಾನೆ.

ನಮ್ಮ ಮನೆಯಲ್ಲಿ ಬದನೆಕಾಯಿಯನ್ನು ಅನ್ವಯದ ಕಣ್ಣಿನಿಂದ ಮಾತ್ರ ನೋಡಿದ್ದೆವು. ಸೆಪ್ಟೆಂಬರ್‌ನಲ್ಲಿ ಬದನೆಕಾಯಿ ಇರಲಿಲ್ಲ, ದದ್ದು ಇತ್ತು. ಅಕ್ಟೋಬರ್‌ನಲ್ಲಿ ಬದನೆಕಾಯಿ ಇತ್ತು, ದದ್ದು ಇರಲಿಲ್ಲ. ಶೇಂಗಾ, ಮೊಸರು, ಬೆಲ್ಲ ಎಲ್ಲಕ್ಕೂ ಇದೇ ಸಾಕ್ಷಿ. ಅವೆಲ್ಲ ಕುಂಬಾರನ ಕತ್ತೆಗಳು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಎರಡು ತಿಂಗಳು ನಾವು ಮಗುವಿನ ತಟ್ಟೆಗೆ ಬರೆ ಎಳೆದಿದ್ದೆವು.

ಅಂದೇ ಸೊಸೆಯನ್ನು ಕರೆದು ಒಂದು ನೋಟುಬುಕ್ಕನ್ನು ಕೊಟ್ಟು, ದಿನಾಂಕ, ಉಂಡದ್ದು, ತೊಟ್ಟದ್ದು, ಹೋದ ಸ್ಥಳ, ದದ್ದು ಇರುವ ಜಾಗ ಎಂದು ಐದು ಮನೆಗಳನ್ನು ಹಾಕಿಸಿದೆವು. ಹತ್ತು ದಿನಗಳ ಲೆಕ್ಕ ಮುಂದಿಟ್ಟುಕೊಂಡಾಗ, ಶಾಲೆಗೆ ಹೋದರೆ ಹೆಚ್ಚುತ್ತದೆ ಎಂಬುದೊಂದು ಮಾತ್ರ ನಿಂತಿತು. ಶಾಲೆಯ ನೀರೇ? ನೀರಿನ ಬಾಟಲಿ ಮನೆಯಿಂದ ಹೋಗುತ್ತಿತ್ತು. ಬಟ್ಟೆಯ ಸಾಬೂನೇ? ಮನೆಯ ಬಟ್ಟೆಗಳನ್ನೂ ಅದೇ ಸಾಬೂನಿನಿಂದ ಒಗೆಯುತ್ತಿದ್ದರು. ಆವರಣದ ಗಿಡವೇ? ಹಾಗಾದರೆ ತೆರೆದಿರುವ ಮುಖ, ಕತ್ತಿನಲ್ಲಿ ದದ್ದು ಇರಬೇಕಿತ್ತು. ಮೊದಲು ಎದ್ದದ್ದು ಬಟ್ಟೆಯ ಒಳಗೆ.

ಇಷ್ಟೆಲ್ಲ ವಿಚಾರಿಸಿದ ಮೇಲೆ, ಯಾರನ್ನು ಮೊದಲು ಕೇಳಬೇಕಾಗಿತ್ತೋ ಅವನನ್ನೇ ಕೇಳಿಲ್ಲವೆಂಬುದು ಹೊಳೆಯಿತು. ಮಗುವನ್ನು ಹತ್ತಿರ ಕೂಡ್ರಿಸಿಕೊಂಡು, 'ತುರಿಕೆ ಮೊದಲು ಎಲ್ಲಿ ಸುರುವಾಗತದಪ್ಪಾ, ಯಾವಾಗ?' ಎಂದೆವು. ಅವನು ಅಂಗಿ ಎತ್ತಿ ತೋರಿಸಿ, 'ಅಜ್ಜಾ, ಬಗ್ಗಿ ಬರಿಯೂ ಮುಂದ ಬೆಲ್ಟಿನ ಬಕಲ್ ಇಲ್ಲೇ ಒತ್ತತೈತಿ. ಬೆವರು ಬಂದ್ರ ಇಲ್ಲೇ ಮೊದಲ ತುರಸ್ತೈತಿ' ಎಂದನು. ಜೂನ್ ತಿಂಗಳಲ್ಲಿ ಸಮವಸ್ತ್ರದೊಡನೆ ಕೊಂಡ ಹೊಸ ಬೆಲ್ಟು! ತವರಿಗೆ ಹೋಗುವಾಗ ಅದು ಇಲ್ಲಿಯೇ ಗೂಟಕ್ಕೆ ನೇತಾಡುತ್ತಿತ್ತು.

ಗುಲಾಬಿ ಬಣ್ಣದ ಹತ್ತಿ

ಇಷ್ಟಾದ ಮೇಲೆ ನಾವೇ ಪಂಡಿತರೆಂದು ಕುಳಿತುಕೊಳ್ಳದೆ ನೋಟುಬುಕ್ಕನ್ನೂ ಬೆಲ್ಟನ್ನೂ ತೆಗೆದುಕೊಂಡು ಚರ್ಮತಜ್ಞರ ಬಳಿಗೆ ಹೋದೆವು. ಆ ವೈದ್ಯರು ಮಗುವಿನ ಹೊಟ್ಟೆಯನ್ನು ನೋಡಿ, ನೋಟುಬುಕ್ಕಿನ ಹಾಳೆಗಳನ್ನು ತಿರುವಿ, ಬಕ್ಕಲ್ಲಿನ ಒಳಬದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಹೊಳಪು ಲೇಪ ಅಲ್ಲಿ ಸವೆದುಹೋಗಿತ್ತು. ಹತ್ತಿಯ ಕಡ್ಡಿಗೆ ಔಷಧದ ಒಂದೆರಡು ಹನಿ ಹಾಕಿ ಬಕ್ಕಲ್ಲಿಗೆ ಅರ್ಧ ನಿಮಿಷ ತಿಕ್ಕಿದರು. ಬಿಳಿಯ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿತು. ಡೈಮಿಥೈಲ್ ಗ್ಲೈಆಕ್ಸಿಮ್ ಎಂಬ ರಾಸಾಯನಿಕವು ನಿಕ್ಕಲ್ ಲೋಹವನ್ನು ಸಂಧಿಸಿದಾಗ ಈ ಬಣ್ಣ ಬರುತ್ತದೆಂದು ವಿವರಿಸಿದರು.

ಬಳಿಕ ವೈದ್ಯರು, 'ಮೈಮೇಲೆ ಸದಾ ಇರುವ ಬೇರೆ ಲೋಹವೇನಾದರೂ ಇದೆಯೇ?' ಎಂದು ಕೇಳಿದರು. ನಮ್ಮ ಮನೆಯವರ ಮುಖ ಬಾಡಿತು. ಮಗು ತನ್ನ ಆರನೆಯ ವಯಸ್ಸಿನಿಂದ ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿ ಧರಿಸುತ್ತಾನೆ. ಇದನ್ನು ತೆಗೆದಿಡಿರೆಂದು ವೈದ್ಯರು ಎಲ್ಲಿ ಹೇಳಿಬಿಡುವರೋ ಎಂಬ ಅಂಜಿಕೆಯಿಂದಲೇ ಅವರು ಇಷ್ಟು ತಿಂಗಳು ಚರ್ಮತಜ್ಞರ ಹೆಸರೆತ್ತಿದರೆ ಮಾತು ಮರೆಸುತ್ತಿದ್ದರೆಂಬುದು ನಮಗೆ ಆಗ ತಿಳಿಯಿತು. ನಾವು ಕರಡಿಗೆಯನ್ನು ತೋರಿಸಿ, ಇದು ರಜೆಯಲ್ಲಿಯೂ ಅವನ ಎದೆಯ ಮೇಲೆಯೇ ಇತ್ತು, ಎದೆಯ ಮೇಲೆ ಎಂದೂ ದದ್ದು ಎದ್ದಿಲ್ಲ ಎಂದು ಅರಿಕೆ ಮಾಡಿದೆವು. ವೈದ್ಯರು ಗೌರವದಿಂದ ಅನುಮತಿ ಕೇಳಿ, ಕರಡಿಗೆಯ ಹೊರಮೈಗೂ ಹೊಸದೊಂದು ಹತ್ತಿಯನ್ನು ತಿಕ್ಕಿ ತೋರಿಸಿದರು. ಹತ್ತಿ ಬಿಳಿಯಾಗಿಯೇ ಉಳಿಯಿತು. ನಮ್ಮ ಮನೆಯವರು ಎರಡೂ ಕೈ ಜೋಡಿಸಿದರು.

ಬೆಲ್ಟನ್ನು ಅಂದೇ ಬಿಡಿಸಿ, ಸೊಂಟಕ್ಕೆ ಎಲಾಸ್ಟಿಕ್ ಇರುವ ಚಡ್ಡಿಯನ್ನು ಹೊಲಿಸಿದೆವು. ವೈದ್ಯರು ಬರೆದ ಮುಲಾಮನ್ನು ಅವರು ಹೇಳಿದಷ್ಟೇ ದಿನ ಹಚ್ಚಿದೆವು. ಊಟದ ನಿಷೇಧಗಳೆಲ್ಲವನ್ನೂ ತೆಗೆದುಹಾಕಿದೆವು. ಮೂರನೆಯ ವಾರಕ್ಕೆ ಮೈ ತಿಳಿಯಾಯಿತು. ಆಮೇಲೆ ಖಚಿತಪಡಿಸಿಕೊಳ್ಳಲು ಮಗುವಿನ ಬೆನ್ನಿಗೆ ಪ್ಯಾಚ್ ಪರೀಕ್ಷೆ ಮಾಡಿದರು. ಸಂಶಯವಿರುವ ಹಲವು ವಸ್ತುಗಳ ಅತ್ಯಲ್ಪ ಪ್ರಮಾಣವನ್ನು ಸಣ್ಣ ಪಟ್ಟಿಗಳಲ್ಲಿಟ್ಟು ಬೆನ್ನಿಗೆ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು ನೋಡುತ್ತಾರೆ. ಮತ್ತೊಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನಿಗೆ ನೀರು ತಾಗಬಾರದು. ಈ ವಿಧಾನವನ್ನು 1895ರಲ್ಲಿ ಯೋಸೆಫ್ ಯಾಡಾಸ್ಸೋನ್ ಎಂಬ ಚರ್ಮವೈದ್ಯರು ಗ್ರಾಟ್ಸ್ ನಗರದ ಸಮ್ಮೇಳನದಲ್ಲಿ ಮಂಡಿಸಿದರು. ಇಂದಿಗೂ ಇದೇ ಪ್ರಮಾಣಭೂತ ಪರೀಕ್ಷೆ. ನಮ್ಮ ಮಗುವಿನ ಬೆನ್ನಿನಲ್ಲಿ ನಿಕ್ಕಲ್ ಇದ್ದ ಜಾಗವೊಂದೇ ಕೆಂಪೇರಿ ಉಬ್ಬಿತ್ತು.

ನಿಕ್ಕಲ್ ಎಂಬ ಮರೆಯ ಲೋಹ

1751ರಲ್ಲಿ ಸ್ವೀಡನ್ ದೇಶದ ಕ್ರೋನ್‌ಸ್ಟೆಟ್ ಎಂಬ ವಿಜ್ಞಾನಿ ಈ ಲೋಹವನ್ನು ಬೇರ್ಪಡಿಸಿದನು. ಬೆಳ್ಳಿಯಂತೆ ಹೊಳೆಯುವುದು, ಗಟ್ಟಿಯಾಗಿರುವುದು, ಅಗ್ಗವಾಗಿರುವುದು ಇದರ ಗುಣ. ಆದ್ದರಿಂದ ಕೃತಕ ಆಭರಣ, ಬಕ್ಕಲ್, ಪ್ಯಾಂಟಿನ ಗುಂಡಿ, ಜಿಪ್ಪು, ಪಿನ್ನು, ಗಡಿಯಾರದ ಪಟ್ಟಿ, ಕನ್ನಡಕದ ಚೌಕಟ್ಟುಗಳಲ್ಲೆಲ್ಲ ಇದು ಸೇರಿಕೊಂಡಿರುತ್ತದೆ. ಜರ್ಮನ್ ಸಿಲ್ವರ್ ಎಂದು ಮಾರುವ ಲೋಹದಲ್ಲಿ ಬೆಳ್ಳಿ ಇರುವುದಿಲ್ಲ. ಅದು ತಾಮ್ರ, ಸತು, ನಿಕ್ಕಲ್‌ಗಳ ಬೆರಕೆ. ಹೆಸರು ನೋಡಿ ಬೆಳ್ಳಿಯೆಂದು ಭ್ರಮಿಸಿ ಅದರಲ್ಲಿ ಮಾಡಿದ ಕಾಲಗೆಜ್ಜೆ, ಉಡಿದಾರದ ಗುಂಡು, ಕಿವಿಯೋಲೆ, ಕರಡಿಗೆಗಳನ್ನು ಮಕ್ಕಳ ಮೈಮೇಲೆ ಹಾಕುವ ಮುನ್ನ ವಿಚಾರಿಸುವುದು ಒಳ್ಳೆಯದು. ಕರಡಿಗೆಯ ಲೋಹ ಒಗ್ಗದಿದ್ದರೆ ಅಪ್ಪಟ ಬೆಳ್ಳಿಯದನ್ನು ಮಾಡಿಸಬಹುದು, ಇಲ್ಲವೇ ಶುದ್ಧವಾದ ವಸ್ತ್ರದಲ್ಲಿ ಕಟ್ಟಿಕೊಳ್ಳಬಹುದು. ಬದಲಾಗುವುದು ಲೋಹವೇ ಹೊರತು ಧಾರಣವಲ್ಲ.

ಈ ಲೋಹ ಎಲ್ಲರಿಗೂ ಕೆಡುಕಲ್ಲ. ಒಗ್ಗದವರ ಮೈಯಲ್ಲಿ ಮಾತ್ರ ಹೀಗಾಗುತ್ತದೆ. ಬೆವರಿನ ಉಪ್ಪಿಗೆ ಲೋಹ ಅಣು ಅಣುವಾಗಿ ಕರಗಿ ಚರ್ಮವನ್ನು ಸೇರುತ್ತದೆ. ಮೊದಲ ಕೆಲವು ವಾರ ಏನೂ ಆಗದು. ದೇಹ ಅದನ್ನು ಗುರುತಿಟ್ಟುಕೊಳ್ಳುವ ಕಾಲ ಅದು. ಒಮ್ಮೆ ಗುರುತಿಟ್ಟುಕೊಂಡಿತೆಂದರೆ, ಮುಂದೆ ತಾಗಿದಾಗಲೆಲ್ಲ ಒಂದೆರಡು ದಿನಗಳಲ್ಲಿ ಚರ್ಮ ಉರಿದೇಳುತ್ತದೆ. ಈ ಒಂದೆರಡು ದಿನಗಳ ಅಂತರವೇ ನಮ್ಮಂಥವರನ್ನು ದಾರಿ ತಪ್ಪಿಸುವುದು. ಸೋಮವಾರ ತಾಗಿದ್ದಕ್ಕೆ ಬುಧವಾರ ದದ್ದು ಎದ್ದರೆ, ಬುಧವಾರ ಉಂಡದ್ದರ ಮೇಲೆ ಅಪವಾದ ಬರುತ್ತದೆ. ಇನ್ನೊಂದು ಮೋಸವೂ ಇದೆ. ಹೊಟ್ಟೆಯ ಮೇಲೆ ದದ್ದು ಬಲವಾದಾಗ, ಲೋಹವೇ ತಾಗದ ಮೊಣಕೈ, ತೊಡೆಗಳಲ್ಲಿಯೂ ಸಣ್ಣ ಗುಳ್ಳೆಗಳು ಏಳುತ್ತವೆ. ಒಂದು ಕಡೆ ಹೊತ್ತಿದ ಬೆಂಕಿಯ ಕಿಡಿ ಬೇರೆ ಕಡೆ ಹಾರಿದಂತೆ. ಮೈಯೆಲ್ಲ ಹರಡಿದ್ದನ್ನು ಕಂಡು, ಕಾರಣ ಹೊಟ್ಟೆಯ ಒಳಗಿದೆಯೆಂದು ನಾವು ನಂಬಿದೆವು. ಅದು ಹೊಟ್ಟೆಯ ಹೊರಗಿತ್ತು.

ಎಷ್ಟೋ ಮಕ್ಕಳಿಗೆ ಕಿವಿ ಚುಚ್ಚಿಸಿದಾಗ ಹಾಕುವ ಅಗ್ಗದ ಓಲೆಯಿಂದಲೇ ಈ ಒಗ್ಗದಿಕೆ ಆರಂಭವಾಗುತ್ತದೆ. ಯುರೋಪಿನ ದೇಶಗಳು 1994ರಲ್ಲಿ ನಿರ್ದೇಶನ ಹೊರಡಿಸಿ, ಚರ್ಮಕ್ಕೆ ಬಹುಕಾಲ ತಾಗುವ ವಸ್ತುಗಳಿಂದ ಹೊರಬೀಳುವ ನಿಕ್ಕಲ್‌ಗೆ ಮಿತಿ ಹಾಕಿದವು. ನಿಕ್ಕಲ್ ಒಗ್ಗದಿಕೆ ಒಮ್ಮೆ ಬಂದರೆ ಸಾಮಾನ್ಯವಾಗಿ ಬಾಳಿನುದ್ದಕ್ಕೂ ಉಳಿಯುತ್ತದೆ, ದೂರವಿರುವುದೇ ಮದ್ದು. ಹಾಗೆಂದು ಮನೆಯ ಸ್ಟೀಲ್ ತಟ್ಟೆ ಲೋಟಗಳನ್ನು ಹೊರಗೆಸೆಯಬೇಕಾಗಿಲ್ಲ. ಕಾಳುಕಡಿಗಳಲ್ಲಿರುವ ನಿಕ್ಕಲ್‌ನಿಂದ ತೊಂದರೆಯಾಗುವುದು ಕೆಲವರಿಗೆ ಮಾತ್ರ. ವೈದ್ಯರು ಹೇಳದೆ ಆಹಾರವನ್ನು ಬಿಡಿಸಬಾರದು.

ದದ್ದು ಇರುವ ಜಾಗವೇ ಮೊದಲ ಸಾಕ್ಷಿ

ಎಲ್ಲ ಮಕ್ಕಳ ದದ್ದಿಗೂ ಬಕ್ಕಲ್ಲೇ ಕಾರಣವೆಂದು ಯಾರೂ ಭಾವಿಸಬಾರದು. ಹಾಗೆ ಭಾವಿಸಿದರೆ ಅದೂ ಇನ್ನೊಂದು ಕತ್ತೆಯೇ ಆದೀತು. ಚರ್ಮತಜ್ಞರಿಂದ ಕೇಳಿ ತಿಳಿದ ಕೆಲವು ಸಂಗತಿಗಳನ್ನು ತಾಯಂದಿರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ.

ಕಿವಿಯ ಹಾಲೆ, ಕತ್ತು, ಮಣಿಕಟ್ಟುಗಳಲ್ಲಿ ದದ್ದಿದ್ದರೆ ಅಲ್ಲಿ ಧರಿಸಿದ ಒಡವೆಯನ್ನು ನೋಡಬೇಕು. ಪಾದದ ಮೇಲ್ಭಾಗದಲ್ಲಿದ್ದರೆ ಪಾದರಕ್ಷೆಯ ರಬ್ಬರು, ಚರ್ಮಗಳನ್ನು ಶಂಕಿಸಬೇಕು. ಹಣೆಯಲ್ಲಿದ್ದರೆ ಅಂಟಿಸುವ ಬಿಂದಿಯ ಅಂಟನ್ನು, ಜಾತ್ರೆಯಲ್ಲಿ ಕಪ್ಪು ಮೆಹಂದಿ ಹಾಕಿಸಿದ ಕೈಯಲ್ಲಿದ್ದರೆ ಅದರಲ್ಲಿ ಬೆರೆಸಿದ ಕೂದಲ ಬಣ್ಣವನ್ನು ಶಂಕಿಸಬೇಕು. ಮಾವಿನ ಕಾಲದಲ್ಲಿ ತುಟಿಯ ಸುತ್ತ ಎದ್ದರೆ ಅದು ಹಣ್ಣಿನ ದೋಷಕ್ಕಿಂತ ತೊಟ್ಟಿನ ಸೊನೆಯ ದೋಷವಾಗಿರುವುದೇ ಹೆಚ್ಚು. ತೊಳೆದು, ಸಿಪ್ಪೆ ತೆಗೆದು ಹೋಳು ಮಾಡಿ ಕೊಡಬೇಕು. ಹೊಲಕ್ಕೆ ಹೋಗಿಬರುವ ಹಿರಿಯರ ರೆಪ್ಪೆ, ಕತ್ತುಗಳಲ್ಲಿ ಏಳುವ ದದ್ದಿಗೆ, 1950ರ ದಶಕದಲ್ಲಿ ಪುಣೆಯ ಸುತ್ತ ಕಾಣಿಸಿಕೊಂಡು ದೇಶವನ್ನೆಲ್ಲ ಆವರಿಸಿದ ಕಾಂಗ್ರೆಸ್ ಕಸ ಎಂದು ಜನ ಕರೆಯುವ ಪಾರ್ಥೇನಿಯಂ ಕಳೆ ಕಾರಣವಾಗಿರಬಹುದು.

ಬೆರಳ ಸಂದು, ಮಣಿಕಟ್ಟುಗಳಲ್ಲಿ ಗುಳ್ಳೆಗಳಿದ್ದು, ತುರಿಕೆ ರಾತ್ರಿ ಹೆಚ್ಚಾಗಿ, ಮನೆಯ ಇತರರಿಗೂ ತಗುಲಿದ್ದರೆ ಅದು ಬಹುತೇಕ ಕಜ್ಜಿ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಬರುತ್ತದೆ. ವೈದ್ಯರು ಕೊಟ್ಟ ಔಷಧವನ್ನು ತುರಿಕೆಯಿಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಅದು ಹೋಗುವುದಿಲ್ಲ. ಮೊಣಕೈ, ಮೊಣಕಾಲುಗಳ ಒಳಮಡಿಕೆಯಲ್ಲಿ ವರ್ಷಗಟ್ಟಲೆ ಬಂದು ಹೋಗುವ ಒಣ ದದ್ದು ಇಸಬಿನ ಬಗೆಯದು. ಉಂಗುರದಂತೆ ಅಂಚು ಎದ್ದಿರುವುದು ಗಜಕರ್ಣ.

ಕೆಂಪಗೆ ಉಬ್ಬಿ, ಒಂದು ಕಡೆ ಅಡಗಿ ಇನ್ನೊಂದು ಕಡೆ ಏಳುವ, ಒಂದೊಂದು ದದ್ದೂ ದಿನದೊಳಗೆ ಗುರುತಿಲ್ಲದೆ ಮಾಯವಾಗುವ ಬಗೆಗೆ ಪಿತ್ತದ ಗಂಧೆ ಎಂದು ರೂಢಿಯ ಹೆಸರು. ಮಕ್ಕಳಲ್ಲಿ ನೆಗಡಿ, ಜ್ವರಗಳ ಬೆನ್ನಿಗೆ ಇದು ಬರುವುದುಂಟು. ಅನೇಕ ವೇಳೆ ಕಾರಣ ಸಿಕ್ಕುವುದಿಲ್ಲ. ಬಹುಪಾಲು ಆರು ವಾರಗಳೊಳಗೆ ತಾನೇ ಹೋಗುತ್ತದೆ. ಎಲ್ಲಕ್ಕೂ ಕಾರಣ ಸಿಕ್ಕೇ ತೀರಬೇಕೆಂಬ ಹಟವೂ ಒಳ್ಳೆಯದಲ್ಲ. ಆಹಾರದಿಂದ ಏಳುವ ಗಂಧೆಗಳು ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಗಳ ಒಳಗೆ ಕಾಣಿಸುತ್ತವೆ, ಆ ಪದಾರ್ಥ ತಿಂದಾಗಲೆಲ್ಲ ಮರಳಿ ಬರುತ್ತವೆ. ಇಂಥ ನಂಟು ಇಲ್ಲದಿದ್ದರೆ ಬೆಳೆಯುವ ಮಗುವಿನ ಹಾಲು, ಶೇಂಗಾ, ಬೇಳೆಗಳನ್ನು ವಾರಗಟ್ಟಲೆ ನಿಲ್ಲಿಸುವುದು ಅಪಾಯಕರ.

ಹುಡುಕಾಟ ಬಿಟ್ಟು ಓಡಬೇಕಾದ ಸಂದರ್ಭ

ನೋಟುಬುಕ್ಕು ಬರೆಯುತ್ತ ಕೂಡ್ರದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕಾದ ಸಂದರ್ಭಗಳೂ ಇವೆ. ದದ್ದಿನೊಡನೆ ತುಟಿ, ನಾಲಿಗೆ, ಮುಖ ಊದಿಕೊಂಡರೆ ಅಥವಾ ಉಸಿರಾಟ ಕಷ್ಟವಾದರೆ, ಜ್ವರವಿದ್ದು ಕೆಂಪು, ನೇರಳೆ ಚುಕ್ಕೆಗಳು ಗಾಜಿನ ಲೋಟದಿಂದ ಒತ್ತಿದರೂ ಮಾಸದಿದ್ದರೆ, ಯಾವುದಾದರೂ ಔಷಧ ಕೊಟ್ಟ ಮೇಲೆ ಬಾಯಿ, ಕಣ್ಣುಗಳಲ್ಲಿ ಹುಣ್ಣಾಗಿ ಚರ್ಮದಲ್ಲಿ ಬೊಬ್ಬೆ ಎದ್ದರೆ, ಮಗು ಮಂಕಾಗಿ ಎಚ್ಚರ ತಪ್ಪುವಂತಿದ್ದರೆ ಒಂದು ಗಳಿಗೆಯನ್ನೂ ಕಳೆಯಬಾರದು. ಜ್ವರ, ಕೆಮ್ಮು, ಕಣ್ಣು ಕೆಂಪಾಗುವಿಕೆಗಳ ಬಳಿಕ ಮುಖದಿಂದ ಕೆಳಗಿಳಿಯುವ ದದ್ದು ದಡಾರವಿರಬಹುದು. ಅದನ್ನೂ ಬೇವಿನ ಎಲೆಗೆ ಒಪ್ಪಿಸದೆ ವೈದ್ಯರಿಗೆ ತೋರಿಸಬೇಕು.

ಅಂಗಡಿಯಲ್ಲಿ ಕೇಳಿ ತರುವ ಮುಲಾಮುಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಅವುಗಳಲ್ಲಿ ಅನೇಕಕ್ಕೆ ಸ್ಟಿರಾಯ್ಡ್ ಬೆರೆಸಿರುತ್ತಾರೆ. ತಕ್ಕ ಕಾಯಿಲೆಗೆ, ತಕ್ಕ ಪ್ರಮಾಣದಲ್ಲಿ ಅದು ಒಳ್ಳೆಯ ಔಷಧವೇ. ತಿಳಿಯದೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಗಜಕರ್ಣ ರೂಪ ಮರೆಸಿಕೊಂಡು ಹರಡುತ್ತದೆ, ವೈದ್ಯರಿಗೂ ಗುರುತು ಸಿಕ್ಕದಂತಾಗುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿದ್ದು ಇದಕ್ಕಾಗಿಯೇ.

ಕೊನೆಯ ಮಾತು

ಪ್ಯಾಚ್ ಪರೀಕ್ಷೆಯ ಫಲ ತಿಳಿದ ದಿನ ನಾವು ಸೊಸೆಯನ್ನು ಪಡಸಾಲೆಗೆ ಕರೆದೆವು. ಯಾವ ಜಾಗದಲ್ಲಿ ಅವಳ ಮೇಲೆ ಮಾತು ಬಂದಿತ್ತೋ ಅದೇ ಜಾಗದಲ್ಲಿ, ಮಗನ ಎದುರಿಗೆ, 'ತಪ್ಪು ನಮ್ಮದವ್ವಾ' ಎಂದೆವು. ಅವಳು ಏನೂ ಹೇಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಮ್ಮ ಮನೆಯವರು ಬಾಯಿಬಿಟ್ಟು ತಪ್ಪೊಪ್ಪಿಕೊಳ್ಳುವ ಸ್ವಭಾವದವರಲ್ಲ. ಆದರೆ ಮರುದಿನ ಬೆಳಿಗ್ಗೆ, ಪಂಚಮಿ ಕಳೆದು ಮೂರು ತಿಂಗಳಾದ ಮೇಲೆ, ಅವರು ಒಲೆಯ ಮುಂದೆ ಕುಳಿತು ಶೇಂಗಾ ಹುರಿಯುತ್ತಿದ್ದುದನ್ನು ಕಂಡೆವು. ಆ ಮಧ್ಯಾಹ್ನ ಕಟ್ಟಿದ ಮೊದಲ ಉಂಡಿಯನ್ನು ಸೊಸೆಯ ಕೈಗೇ ಕೊಟ್ಟು, 'ಮಗನಿಗೆ ನೀನೇ ಕೊಡು' ಎಂದರು.

ಮಗುವಿನ ತೂಕ ಫೆಬ್ರುವರಿಗೆ ಮರಳಿ 24 ಕಿಲೋ ಆಯಿತು. ಆ ಬೆಲ್ಟು ಈಗಲೂ ಗೂಟದ ಮೇಲಿದೆ. ಬೇರೆಯವರ ಮಗುವಿಗೆ ಕೊಡಲು ಮನಸ್ಸು ಬಾರದು. ಎಸೆಯಲೂ ನಮಗೆ ಮನಸ್ಸಿಲ್ಲ. ಕಾರಣ ತಿಳಿಯದೆ ಮತ್ತೊಬ್ಬರ ಮೇಲೆ ಮಾತು ಎತ್ತುವ ಮುನ್ನ ಒಮ್ಮೆ ಅತ್ತ ನೋಡುವುದು ನಮಗೆ ರೂಢಿಯಾಗಿದೆ. ಸದ್ಗೃಹಸ್ಥರು ತಮ್ಮ ಮಕ್ಕಳ ಮೈಮೇಲೆ ದದ್ದು ಕಂಡಾಗ ತಟ್ಟೆಯತ್ತ ಕೈಚಾಚುವ ಮೊದಲು ಮಗುವನ್ನು ಹತ್ತಿರ ಕೂಡ್ರಿಸಿಕೊಂಡು ಕೇಳಲಿ, ನೋಡಲಿ, ಬರೆದಿಡಲಿ. ಬಲ್ಲ ವೈದ್ಯರ ಬಳಿಗೆ ತಡಮಾಡದೆ ಹೋಗಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.